ಬೆರ್ತಾ ಓಡಿದ ದಾರಿ

ಹನ್ನೊಂದನೆಯ ಕಂತು

"ನಿಲ್ಲಿಸು. ಅಲ್ಲೇ ನಿಲ್ಲಿಸು," ಎಂದಳು ರಾಗ್ನಿ.

ತೋರಾ ಗಾಬರಿಯಲ್ಲಿ ಗುಂಡಿ ಒತ್ತಿದಳು. ಇಪ್ಪತ್ತೆಂಟು ವರ್ಷ ಪೊಲೀಸ್ ಕೆಲಸ ಮಾಡಿದ ಹೆಂಗಸು ಅವಳು. ಆದರೆ ಈ ಪುಟ್ಟ ಕೋಣೆಯಲ್ಲಿ, ಈ ಯಂತ್ರದ ಮುಂದೆ ಕೂತರೆ ಹೊಸ ಸೊಸೆಯ ಹಾಗೆ ಅಳುಕುತ್ತಿದ್ದಳು.

ರಾಗ್ನಿ ಹೆಡ್‌ಫೋನ್ ತೆಗೆಯಲಿಲ್ಲ. ಮುಂದಿದ್ದ ಕಾಗದದಲ್ಲಿ ಒಂದು ದೊಡ್ಡ ಚೌಕ ಬರೆದುಕೊಂಡಿದ್ದಳು. ಅದರೊಳಗೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ರೆಕಾರ್ಡಿಂಗಿನ ಸಮಯ ಬರೆದಳು. ಮಧ್ಯಾಹ್ನ ಒಂದು ಗಂಟೆ ಇಪ್ಪತ್ತೆರಡು ನಿಮಿಷ.

ಬರೆದವಳು ಆ ಅಂಕಿಯನ್ನೇ ನೋಡುತ್ತ ಕೂತುಬಿಟ್ಟಳು.

"ಏನಾಯ್ತು?"

"ಬೆರ್ತಾ ಓಡ್ತಿದ್ದಾಳೆ."

"ಇಲಿ ಅಂದ್ಮೇಲೆ ಓಡತ್ತೆ."

"ಸುಮ್ಸುಮ್ನೆ ಓಡಲ್ಲ. ಪೆಟ್ಟಿಗೆಗೆ ಬಿಸ್ಕತ್ತಿನ ಚೂರು ಬಿದ್ರೆ ಹುಡುಕ್ಕೊಂಡು ಓಡ್ತಾಳೆ. ಬೀಳದಿದ್ರೆ ಒಂದ್ಕಡೆ ಕೂತು ಮೀಸೆ ತೀಡ್ಕೊತಾಳೆ." ರಾಗ್ನಿ ಕಣ್ಣೆತ್ತದೆ ಹೇಳಿದಳು. "ಒಂದು ಇಪ್ಪತ್ತೆರಡಕ್ಕೆ ಯಾರೋ ಚೂರು ಹಾಕ್ತಿದ್ದಾರೆ, ತೋರಾ."

ಕಿತ್ತಳೆ ಸುಲಿಯುತ್ತಿದ್ದ ತೋರಾಳ ಬೆರಳು ನಿಂತಿತು.

ಐಲಿಫ್‌ನ ನಾಡಿ ಎಣಿಸುವ ಕೈಗಡಿಯಾರದಲ್ಲಿ ಬಡಿತ ನಿಂತಿದ್ದು ಒಂದು ಇಪ್ಪತ್ತೊಂದಕ್ಕೆ.

ಐಲಿಫ್ ರಾಗ್ನಿಯ ತಮ್ಮ. ಮೂರು ವಾರದ ಹಿಂದೆ, ಈಸ್ಟರ್‌ಗೆ ಮುಂಚಿನ ಗುರುವಾರ, ಟ್ರಾಂಡ್‌ಹೈಮ್ ಊರಿಗೆ ಊರೇ ಗುಡ್ಡದ ಮರದ ಮನೆಗಳಿಗೆ ಹೋಗಿ ಖಾಲಿಯಾಗಿದ್ದಾಗ, ಈ ಮಿದುಳು ಸಂಶೋಧನಾ ಕೇಂದ್ರದ ಹಿಂಬದಿಯ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದ. ಇಪ್ಪತ್ತಾರು ವರ್ಷ. ಪೊಲೀಸ್ ಮೇಲಧಿಕಾರಿಯ ಪ್ರಕಾರ ಅದು ಆತ್ಮಹತ್ಯೆ. ಲ್ಯಾಬಿನ ದಿನಚರಿ ಪುಸ್ತಕದ ಕೊನೆಯ ಪುಟದಲ್ಲಿ ಹುಡುಗನ ಅಕ್ಷರದಲ್ಲೇ ಬರೆದಿತ್ತಲ್ಲ: "ಲೆಕ್ಕ ತಪ್ಪಿತ್ತು. ತಪ್ಪು ನನ್ನದೇ."

ಇಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ, ಒಂದು ತಂತಿ ಸಡಿಲವಾದರೂ 'ತಪ್ಪು ನನ್ನದೇ' ಅಂತ ಬರೆದು ಸಹಿ ಹಾಕುತ್ತಾರೆ ಎಂದು ರಾಗ್ನಿ ಹೇಳಿನೋಡಿದ್ದಳು. ಪಂಜರ ತೊಳೆಯುವವಳ ಮಾತನ್ನು ಯಾರು ಬರೆದುಕೊಳ್ಳುತ್ತಾರೆ. ತೋರಾ ಒಬ್ಬಳೇ ಬರೆದುಕೊಂಡಿದ್ದಳು.

ಇವತ್ತು ನಾಲ್ಕು ಗಂಟೆಗೆ ಕಡತ ಮುಚ್ಚುತ್ತಾರೆ. ಅಷ್ಟರೊಳಗೆ ಅವನು ಆ ಕೋಣೆಯಲ್ಲಿ ಒಬ್ಬನೇ ಇರಲಿಲ್ಲ ಎಂದು ತೋರಿಸಬೇಕು. ಇಲ್ಲದಿದ್ದರೆ ಐಲಿಫ್ ತಾನಾಗೇ ಸತ್ತವನಾಗಿ ಉಳಿಯುತ್ತಾನೆ, ಎಂದೆಂದಿಗೂ.

ಈಗ ಹನ್ನೊಂದೂವರೆ.

"ಇನ್ನೊಂದ್ಸಲ ಹೇಳು," ಎಂದಳು ತೋರಾ, ಕಿತ್ತಳೆಯನ್ನು ಪಕ್ಕಕ್ಕಿಟ್ಟು. "ನಿಧಾನಕ್ಕೆ. ನಾನು ಹೋಗಿ ನನ್ನ ಸಾಹೇಬನಿಗೆ ಒಪ್ಪಿಸ್ಬೇಕು. ಇಲಿ ಸಾಕ್ಷಿ ಹೇಳ್ತು ಅಂದ್ರೆ ನಾಳೆಯಿಂದ ಕಾರುಗಳಿಗೆ ದಂಡದ ಚೀಟಿ ಅಂಟ್ಸೋಕೆ ಕಳಿಸ್ತಾನೆ ಅವನು."

ರಾಗ್ನಿ ಹೆಡ್‌ಫೋನ್ ಬಿಚ್ಚಿ ಅವಳ ಕೈಗೆ ಕೊಟ್ಟಳು.

"ಬೆರ್ತಾಳ ತಲೇಲಿ ಕೂದಲಿಗಿಂತ ಸಣ್ಣ ತಂತಿ ಇದೆ. ಅದರಲ್ಲಿ ಹನ್ನೊಂದು ನರಕೋಶದ ಸದ್ದು ಬರತ್ತೆ. ಈ ಚೌಕ ಅವಳು ಓಡೋ ಪೆಟ್ಟಿಗೆ. ಅದರಲ್ಲಿ ಒಂದೊಂದು ಕೋಶಕ್ಕೂ ಒಂದೊಂದು ಜಾಗ. ಮೂರನೇದಕ್ಕೆ ಗೋಡೆಗೆ ಅಂಟಿಸಿದ ಬಿಳಿ ರಟ್ಟಿನ ಕೆಳಗೆ. ಏಳನೇದಕ್ಕೆ ಈ ಕುರ್ಚಿ ಕಡೆ ಗೋಡೆ. ಬೆರ್ತಾ ಆ ಜಾಗಕ್ಕೆ ಹೋದ್ರೆ ಆ ಕೋಶ ಮಾತಾಡತ್ತೆ. ಬೇರೆ ಕಡೆ ಇದ್ರೆ ಸುಮ್ನಿರತ್ತೆ."

"ಸರಿ. ಯಾವ ಕೋಶ ಮಾತಾಡ್ತು ಅಂತ ನೋಡಿದ್ರೆ ಇಲಿ ಎಲ್ಲಿದೆ ಅಂತ ಗೊತ್ತಾಯ್ತು. ಮುಗೀತಲ್ಲ?"

"ಮುಗೀಲಿಲ್ಲ. ಒಂದು ಕೋಶದ ಜಾಗ ಎರಡು ಮೂರು ಗೇಣು ಇರತ್ತೆ. ಅದರೊಳಗೆ ಎಲ್ಲಿ? ಅದಕ್ಕೇ ಈ ಅಲೆ. ಕೇಳು."

ಹತ್ತು ಪಟ್ಟು ನಿಧಾನ ಮಾಡಿದ ಸದ್ದು. ಮೊದಲು ಆಳದಲ್ಲಿ ಏನೋ ಏರುತ್ತದೆ, ಇಳಿಯುತ್ತದೆ. ಯಾರೋ ತೊಟ್ಟಿಲು ತೂಗುತ್ತಿರುವ ಹಾಗೆ. ಬೆರ್ತಾ ಓಡುವಷ್ಟು ಹೊತ್ತೂ ಅವಳ ಮಿದುಳಿನ ಆ ಭಾಗವೆಲ್ಲ ಸೇರಿ ಹೀಗೆ ತೂಗುತ್ತದೆ, ಸೆಕೆಂಡಿಗೆ ಎಂಟು ಸಲ. ಆ ತೂಗಾಟದ ಮೇಲೆ ಒಂಟಿ ಕೋಶದ ಸದ್ದು, ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ, ಟಿಕ್, ಟಿಕ್.

"ಅವಳು ಆ ಜಾಗಕ್ಕೆ ಕಾಲಿಟ್ಟಾಗ ಟಿಕ್ ಅನ್ನೋದು ಅಲೆಯ ಕೊನೇಲಿ ಬೀಳತ್ತೆ," ರಾಗ್ನಿ ಬೆರಳಿನಿಂದ ಮೇಜಿನ ಮೇಲೆ ಗೀಚಿ ತೋರಿಸಿದಳು. "ಮುಂದೆ ಹೋದ ಹಾಗೆಲ್ಲ ಒಂದೊಂದು ಅಲೆಗೂ ಒಂಚೂರು ಮುಂಚೆ. ಆ ಜಾಗ ದಾಟೋ ಹೊತ್ತಿಗೆ ಅಲೆಯ ಶುರುವಿಗೇ ಬಂದಿರತ್ತೆ. ಟಿಕ್ ಅಲೆಯಲ್ಲಿ ಎಲ್ಲಿ ಬಿತ್ತು ಅಂತ ಕೇಳಿದ್ರೆ, ಅವಳು ನೆಲದ ಮೇಲೆ ಎಲ್ಲಿದ್ದಾಳೆ ಅಂತ ಬೆರಳಿಟ್ಟು ತೋರಿಸ್ಬಹುದು."

ತೋರಾ ಕಣ್ಣು ಮುಚ್ಚಿ ಕೇಳಿದಳು.

"ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸೋ ಮುದುಕನ ಹಾಗಿದೆ," ಎಂದಳು ಕೊನೆಗೆ. "ಶುರು ಮಾಡುವಾಗ ತಾಳದ ಹಿಂದಿರ್ತಾನೆ. ಮುಗಿಸೋ ಹೊತ್ತಿಗೆ ನಮ್ಮೆಲ್ಲರಿಗಿಂತ ಮುಂದೆ ಹೋಗಿ ಮನೆ ಸೇರ್ಕೊಂಡಿರ್ತಾನೆ."

ರಾಗ್ನಿಗೆ ನಗು ಬಂತು. ಮೂರು ವಾರದಲ್ಲಿ ಮೊದಲನೆಯ ನಗು. ನಕ್ಕ ಕೂಡಲೇ ಯಾರಿಗೋ ಮೋಸ ಮಾಡಿದಂತೆನಿಸಿ ಬಾಯಿ ಮುಚ್ಚಿಕೊಂಡಳು.

ಇದನ್ನೆಲ್ಲ ಅವಳಿಗೆ ಕಲಿಸಿದ್ದು ಐಲಿಫ್. ಅವಳು ಕಸ ಗುಡಿಸಲು ಬಂದಾಗ ಕೈಯಿಂದ ಪೊರಕೆ ಕಿತ್ತುಕೊಂಡು ಕಿವಿಗೆ ಹೆಡ್‌ಫೋನ್ ಇಡುತ್ತಿದ್ದ. ಶಾಲೆ ಬಿಟ್ಟವಳಿಗೆ ಇದೆಲ್ಲ ಯಾಕೋ ಎಂದರೆ, "ಇದಕ್ಕೆ ಕಿವಿ ಬೇಕು ರಾಗ್ನಿ, ಶಾಲೆ ಬೇಕಾಗಿಲ್ಲ" ಎನ್ನುತ್ತಿದ್ದ.

"ಇದನ್ನ ಯಂತ್ರವೇ ಲೆಕ್ಕ ಹಾಕಲ್ವಾ?"

"ಹಾಕತ್ತೆ. ಆ ಯಂತ್ರ ತೆಗೆಯೋ ಗುಟ್ಟಿನ ಅಕ್ಷರ ಇಬ್ಬರಿಗೇ ಗೊತ್ತು. ಆಸ್ಲಾಗ್‌ಗೆ, ಮತ್ತೆ ಯೋಸ್ತೈನ್‌ಗೆ."

ತೋರಾಳ ಅನುಮಾನದ ಪಟ್ಟಿಯಲ್ಲಿದ್ದ ಎರಡು ಹೆಸರೂ ಅವೇ. ಆಸ್ಲಾಗ್ ಈ ಕೇಂದ್ರವನ್ನು ಕಟ್ಟಿದ ಪ್ರೊಫೆಸರ್; ಬುಧವಾರ ಸಂಜೆಯೇ ಗುಡ್ಡಕ್ಕೆ ಹೋಗಿದ್ದೆ ಎಂದಿದ್ದಳು. ಯೋಸ್ತೈನ್ ಲ್ಯಾಬಿನಲ್ಲಿ ಐಲಿಫ್‌ನ ಜೊತೆಗಾರ. ಒಂದು ಇಪ್ಪತ್ತಕ್ಕೆ ಹತ್ತು ನಿಮಿಷದ ದಾರಿಯಲ್ಲಿದ್ದ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಅವನ ಮುಖ ಇತ್ತು. ಒಂದು ಇಪ್ಪತ್ತೊಂದಕ್ಕೆ ಅವನು ಇಲ್ಲಿರಲು ಸಾಧ್ಯವಿರಲಿಲ್ಲ.

ಈ ಕೋಣೆಯ ಕ್ಯಾಮೆರಾ ಹಿಡಿದದ್ದನ್ನು ಯಾರೋ ಅಳಿಸಿದ್ದರು. ಬೆರ್ತಾಳ ತಲೆಯೊಳಗಿನದನ್ನು ಅಳಿಸಲು ಆಗಿರಲಿಲ್ಲ. ಅದು ಆ ಕ್ಷಣಕ್ಕೇ ಬೇರೆ ಕಟ್ಟಡದ ಯಂತ್ರಕ್ಕೆ ನಕಲಾಗುತ್ತದೆ.

ಇಬ್ಬರೂ ಮತ್ತೆ ಕೂತರು. ತೋರಾ ಗುಂಡಿ ಒತ್ತಿದಳು, ರಾಗ್ನಿ ಚುಕ್ಕೆ ಇಟ್ಟಳು.

ಬೆಳಿಗ್ಗೆಯಿಂದ ಬರೆದಿದ್ದನ್ನೆಲ್ಲ ಸೇರಿಸಿ ನೋಡಿದರೆ, ಒಂದು ಗಂಟೆ ಒಂದು ನಿಮಿಷಕ್ಕೆ ರೆಕಾರ್ಡಿಂಗ್ ಶುರು. ಹನ್ನೆರಡು ನಿಮಿಷ ಚುಕ್ಕೆಗಳು ಚೌಕದ ತುಂಬ ಬಿದ್ದಿದ್ದವು. ಅದು ಐಲಿಫ್‌ನ ಕೈ, ಅನುಮಾನವೇ ಇಲ್ಲ. ಆಮೇಲೆ ನಾಲ್ಕು ನಿಮಿಷ ಬೆರ್ತಾ ಓಡಲಿಲ್ಲ. ತೊಟ್ಟಿಲು ನಿಂತು, ಅಡ್ಡಾದಿಡ್ಡಿ ಗೊರಗೊರ ಸದ್ದು ಮಾತ್ರ. ಆ ನಾಲ್ಕು ನಿಮಿಷ ಯಾರೂ ಚೂರು ಹಾಕಿರಲಿಲ್ಲ.

"ಜಗಳ," ಎಂದಳು ತೋರಾ.

ರಾಗ್ನಿ ತಲೆಯಾಡಿಸಿದಳು. ಬೆರ್ತಾ ಒಂದು ಮೂಲೆಯಲ್ಲಿ ಕೂತು ಕಿವಿ ನಿಮಿರಿಸಿ ಕೇಳುತ್ತಿದ್ದಿರಬೇಕು. ಮನುಷ್ಯರು ದನಿ ಎತ್ತಿದರೆ ಅವಳು ಹಾಗೇ ಮಾಡುತ್ತಾಳೆ.

ಒಂದು ಹದಿನೇಳಕ್ಕೆ ಮತ್ತೆ ಓಟ. ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕು. ಐಲಿಫ್‌ನ ನಾಡಿ ನಿಂತಮೇಲೂ ಯಾರೋ ಕುರ್ಚಿಯಲ್ಲಿ ಕೂತು ಇಲಿಗೆ ಬಿಸ್ಕತ್ತು ಎಸೆಯುತ್ತಿದ್ದರು.

ಈ ಸಲ ಚುಕ್ಕೆಗಳೆಲ್ಲ ಚೌಕದ ಈಚೆ, ಕುರ್ಚಿ ಕಡೆಯ ಅರ್ಧದಲ್ಲೇ ಬಿದ್ದಿದ್ದವು. ಆಚೆ ಅರ್ಧ ಬೆಳ್ಳಗೆ ಖಾಲಿ.

"ಈ ಕೈ ಯಾರದ್ದು ಅಂತ ನಿನಗೆ ಗೊತ್ತು," ತೋರಾ ನಿಧಾನಕ್ಕೆ ಹೇಳಿದಳು. "ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ."

ಗೊತ್ತಿತ್ತು. ಒಂಬತ್ತು ವರ್ಷದಿಂದ ಆ ಪೆಟ್ಟಿಗೆ ಗುಡಿಸುವವಳು ಅವಳು. ಯೋಸ್ತೈನ್ ಬೀಸಿ ಎಸೆಯುತ್ತಾನೆ. ಚೂರು ಗೋಡೆಗೆ ಬಡಿದು ಪೆಟ್ಟಿಗೆಯ ಹೊರಗೆಲ್ಲ ಹರಡುತ್ತದೆ. ಹೊಸ ವಿದ್ಯಾರ್ಥಿಗಳು ನಡುವೆ ಗುಡ್ಡೆ ಹಾಕುತ್ತಾರೆ. ಈಚೆ ಅರ್ಧದಲ್ಲಷ್ಟೇ ಎಸೆಯುವವರು ಇಡೀ ಕೇಂದ್ರಕ್ಕೆ ಒಬ್ಬರೇ. ಹಿಮದಲ್ಲಿ ಜಾರಿ ಬಲಭುಜ ಹಿಡಿದುಕೊಂಡ ಮೇಲೆ ಅವರ ಕೈ ಎದೆಗಿಂತ ಮೇಲೆ ಏಳುವುದಿಲ್ಲ.

ರಾಗ್ನಿಗೆ ಈ ಕೆಲಸ ಕೊಟ್ಟವರು ಅವರೇ. ಶಾಲೆ ಮುಗಿಸಿ ಬಂದ ಐಲಿಫ್ ಪಂಜರಗಳ ನಡುವೆ ನೆಲದ ಮೇಲೆ ಕೂತು ಬರೆಯುವುದನ್ನು ಕಂಡು, ತಮ್ಮ ಕೋಣೆಯ ಕಿಟಕಿ ಪಕ್ಕ ಅವನಿಗೊಂದು ಮೇಜು ಹಾಕಿಸಿದವರು.

"ಆಸ್ಲಾಗ್," ಎಂದಳು ರಾಗ್ನಿ.

ತೋರಾ ಎದ್ದು ಕೋಟಿಗೆ ಕೈ ಹಾಕಿದಳು. "ಗುಡ್ಡದಲ್ಲಿ ಕೂತು ಕೊಲೆ ಕಥೆ ಓದ್ತಿದ್ದೆ ಅಂದಿದ್ದಳು ಪುಣ್ಯಾತ್ಗಿತ್ತಿ. ಏಳು."

"ಇನ್ನೂ ಆರು ನಿಮಿಷ ಉಳಿದಿದೆ."

"ಸಾಕಷ್ಟಾಯ್ತು. ಲ್ಯಾಪ್‌ಟಾಪ್ ತಗೋ. ಅವಳು ದೊಡ್ಡ ಮಾತಾಡಿ ನನ್ನ ತಲೆ ಕೆಡಿಸಿದ್ರೆ, ಇದನ್ನ ಓದೋಕೆ ಬರೋದು ನಿನಗೊಬ್ಬಳಿಗೇ."

ದಾರಿಯಲ್ಲಿ ನದಿ ಹಿಮ ಕರಗಿದ ನೀರಿನಿಂದ ಕಂದಾಗಿ ಉಬ್ಬಿ ಹರಿಯುತ್ತಿತ್ತು. ರಾಗ್ನಿ ಕಿಟಕಿಯ ಕಡೆ ಮುಖ ಮಾಡಿ, ದಿನಕ್ಕೆ ಮೂರು ಹೊತ್ತು ಔಷಧಿ ನುಂಗುವಂತೆ ನುಂಗುತ್ತಿದ್ದ ಆ ಒಂದು ಮಾತನ್ನು ಮತ್ತೆ ನುಂಗಿದಳು.

ನೀನು ಬರೋ ಮೊದಲೇ ಎಲ್ಲ ಮುಗಿದಿತ್ತು.

ಅದನ್ನು ಹೇಳಿದ್ದು ತೋರಾ, ಮೊದಲ ದಿನ. ರಜೆಯಾದರೂ ಪ್ರಾಣಿಗಳಿಗೆ ಯಾರಾದರೂ ನೀರು ಹಾಕಬೇಕಲ್ಲ. ಆ ಗುರುವಾರದ ಸರದಿ ರಾಗ್ನಿಯದು. ಕಟ್ಟಡದ ಬಾಗಿಲು ಒಳಬಂದವರ ಕಾರ್ಡನ್ನು ನೆನಪಿಟ್ಟುಕೊಳ್ಳುತ್ತದೆ. ಆ ದಿನ ಎರಡೇ ಕಾರ್ಡು: ಹನ್ನೊಂದು ನಲವತ್ತಕ್ಕೆ ಐಲಿಫ್, ಒಂದು ಇಪ್ಪತ್ತೈದಕ್ಕೆ ರಾಗ್ನಿ. ಅವಳು ನೇರವಾಗಿ ನೆಲಮಾಳಿಗೆಗೆ ಇಳಿದು, ರೇಡಿಯೋ ಜೋರು ಮಾಡಿ, ಪಂಜರ ತೊಳೆದಿದ್ದಳು. ಎರಡು ಗಂಟೆ ಐದು ನಿಮಿಷಕ್ಕೆ ಕಸದ ಚೀಲ ಹಿಡಿದು ಹಿಂಬಾಗಿಲು ತೆಗೆದಾಗ ಕಂಡಿದ್ದು ಅವನ ಹಸಿರು ಸ್ವೆಟರ್. ಅವಳೇ ಹೆಣೆದದ್ದು.

ನಾಲ್ಕು ನಿಮಿಷ ಮುಂಚೆಯೇ ಹೋಗಿಬಿಟ್ಟಿದ್ದ. ನಾಲ್ಕೇ ನಿಮಿಷ. ಆದರೂ ಮುಂಚೆಯೇ. ಅವಳು ಏನು ಮಾಡಿದ್ದರೂ ಆಗುತ್ತಿರಲಿಲ್ಲ. ಆ ಲೆಕ್ಕವೊಂದು ಇದ್ದುದರಿಂದ ಅವಳಿಗೆ ಬೆಳಿಗ್ಗೆ ಎದ್ದು ಕೂರಲು ಆಗುತ್ತಿತ್ತು.

ಆಸ್ಲಾಗ್‌ಳ ಮನೆ ನದಿ ದಂಡೆಯ ಹಳದಿ ಮರದ ಮನೆ. ಇಬ್ಬರೂ ಹೊಸ್ತಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಬಂದರು. ಅರವತ್ತು ದಾಟಿದ ಹೆಂಗಸು ಉಣ್ಣೆ ಕಾಲ್ಚೀಲದಲ್ಲಿ ನಿಂತು, ಅಡಿಗೆಮನೆಯ ಮೇಜಿನ ಮೇಲೆ ಎಡಗೈಯಿಂದಲೇ ಕಾಫಿ ಸುರಿದಳು.

"ಇಬ್ಬರೂ ಒಟ್ಟಿಗೆ ಬಂದಿದ್ದೀರ. ಒಳ್ಳೆ ಸುದ್ದಿ ಇರಲಾರದು."

ತೋರಾ ಚೌಕದ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

ಆಸ್ಲಾಗ್ ಕನ್ನಡಕ ಹಾಕಿಕೊಂಡಳು. ಒಂದು ನೋಟ ಸಾಕಾಯಿತು.

"ಯಾರು ಮಾಡಿದ್ದು ಇದನ್ನ?"

"ನಾನು," ಎಂದಳು ರಾಗ್ನಿ.

"ಯಂತ್ರ ಇಲ್ದೆ? ಕಿವಿಯಲ್ಲಾ?"

"ಹೂಂ."

"ನನ್ನ ಹುಡುಗರು ಯಂತ್ರ ಇಟ್ಕೊಂಡೂ ಇಷ್ಟು ಚೊಕ್ಕವಾಗ್ ಮಾಡಲ್ಲ." ಆಸ್ಲಾಗ್‌ಳ ಮುಖದಲ್ಲಿ ಒಂದು ಕ್ಷಣ, ಒಂದೇ ಕ್ಷಣ, ಹೆಮ್ಮೆ ಮಿನುಗಿತು. ಆಮೇಲೆ ಅವಳು ತನಗೇ ಗೊತ್ತಿಲ್ಲದೆ ಬಲಭುಜವನ್ನು ಉಜ್ಜಿಕೊಂಡಳು.

"ಆ ಕೈ ಯಾರದ್ದು?" ತೋರಾ ಕೇಳಿದಳು.

"ನೋಡ್ತಿದ್ದೀಯಲ್ಲ. ನನ್ನದು."

"ಗುಡ್ಡದಿಂದ ಇಷ್ಟು ದೂರ ಎಸೆದ್ಯಾ? ಭುಜ ನೋವು ಬೇರೆ."

"ಹಂಗಿಸ್ಬೇಡ. ಹೇಳ್ತೀನಿ." ಕುರ್ಚಿಯ ಬೆನ್ನು ಹಿಡಿದು ಕೂತಳು. "ಹನ್ನೆರಡೂಮುಕ್ಕಾಲಿಗೆ ಬಂದೆ. ಐಲಿಫೇ ಬರೋಕೆ ಹೇಳಿದ್ದ, ಅವನೇ ಕೆಳಗೆ ಬಂದು ಬಾಗಿಲು ತೆಗೆದ. ನಮ್ಮ ಹೋದ ವರ್ಷದ ಪ್ರಬಂಧ ವಾಪಸ್ ತಗೊಳೋಣ ಅಂದ. ಅಲೆ ಎಣಿಸೋದರಲ್ಲಿ ಲೆಕ್ಕ ತಪ್ಪಿದೆ, ತಪ್ಪು ನನ್ನದೇ, ನಾನೇ ಒಪ್ಕೋತೀನಿ ಅಂದ. ಆ ಪ್ರಬಂಧದ ಮೇಲೆ ನನ್ನ ಇಡೀ ಕೇಂದ್ರ ನಿಂತಿದೆ. ನಾನು ಕೂಗಾಡಿದೆ."

"ಏನಂತ?"

ಆಸ್ಲಾಗ್ ರಾಗ್ನಿಯ ಕಡೆ ನೋಡಲಿಲ್ಲ. "ಪಂಜರ ತೊಳೆಯೋಳ ತಮ್ಮನಿಗೆ ಮೇಜು ಹಾಕ್ಸಿಕೊಟ್ಟಿದ್ದಕ್ಕೆ ನನಗಿದು ಬೇಕಾಗಿತ್ತು ಅಂದೆ."

ಹೊರಗೆ ನದಿ ಮೇಲೆ ಕಡಲಹಕ್ಕಿಗಳು ಕಿರುಚುತ್ತಿದ್ದವು. ರಾಗ್ನಿ ಕಾಫಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದು ಬಿಸಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಅವನು ಕೋಟು ಕೂಡ ಹಾಕ್ಕೊಳ್ದೆ ಹಿಂದಿನ ಮೆಟ್ಟಿಲಿಗೆ ಹೋದ. ಸಿಟ್ಟು ಬಂದ್ರೆ ಅಲ್ಲಿ ಹೋಗಿ ನಿಲ್ತಾನಲ್ಲ."

"ನೀನು ಇಲಿಗೆ ಬಿಸ್ಕತ್ತು ಹಾಕ್ತಾ ಕೂತೆ."

"ರೆಕಾರ್ಡಿಂಗ್ ನಡೀತಿತ್ತು!" ಆಸ್ಲಾಗ್‌ಳ ದನಿ ಒಡೆಯಿತು. "ನಿನಗೆ ಅರ್ಥ ಆಗಲ್ಲ ತೋರಾ, ಇವಳಿಗೆ ಆಗತ್ತೆ. ಪ್ರಾಣಿ ಪೆಟ್ಟಿಗೇಲಿದ್ದಾಗ ಬಿಟ್ಟು ಹೋಗ್ಬಾರ್ದು. ಅರ್ಧ ಗಂಟೆ ಪೂರ್ತಿ ಓಡದಿದ್ರೆ ಅವನ ಒಂದು ದಿನದ ಕೆಲಸ ಹಾಳು. ಕ್ಷಮಿಸು ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಅವನ ರೆಕಾರ್ಡಿಂಗ್ ಕಾದುಕೊಂಡು ಕೂತೆ. ನಮ್ಮಂಥವರ ಕ್ಷಮೆ ಅಷ್ಟೇ."

"ಅವನು ಅಲ್ಲಿ ಕೆಳಗೆ ಸತ್ತು ಬಿದ್ದಿದ್ದಾಗ."

"ಇಲ್ಲ." ಆಸ್ಲಾಗ್ ತಲೆ ಎತ್ತಿದಳು. "ಅವನು ವಾಪಸ್ ಬಂದ."

ತೋರಾಳ ಲೇಖನಿ ನಿಂತಿತು.

"ಒಂದು ಇಪ್ಪತ್ತಾರಕ್ಕೋ ಏನೋ ಬಾಗಿಲು ತಟ್ಟಿದ, ನಾನೇ ಒಳಗಿಂದ ತೆಗೆದೆ. ತಲೆ ಮೇಲೆ ಹಿಮ. ಮೆಟ್ಟಿಲಲ್ಲಿ ಜಾರಿ ಕಂಬಿಗೆ ಕೈ ಬಡಿದಿತ್ತಂತೆ, ಮಣಿಕಟ್ಟು ಕೆಂಪಗಾಗಿತ್ತು. ಗಡಿಯಾರದ ಗಾಜು ಒಡೆದುಹೋಗಿತ್ತು. ಅದನ್ನ ನನ್ನ ಮೂಗಿನ ಹತ್ರ ಹಿಡಿದು, ನೋಡು ಆಸ್ಲಾಗ್, ಇದರ ಪ್ರಕಾರ ನಾನು ಸತ್ತು ಐದು ನಿಮಿಷ ಆಯ್ತು, ಸತ್ತವನ ಮೇಲೆ ಸಿಟ್ಟು ಇಟ್ಕೋಬೇಡ ಅಂದ."

ರಾಗ್ನಿ ಬಟ್ಟಲು ಕೆಳಗಿಟ್ಟಳು.

ಅದು ಅವನ ಮಾತು. ಅದನ್ನು ಆಸ್ಲಾಗ್ ಕಟ್ಟಲಾರಳು, ಯಾರೂ ಕಟ್ಟಲಾರರು. ಆರು ವರ್ಷದವನಾಗಿದ್ದಾಗ ಅಮ್ಮನ ಮಣ್ಣಿಗೆ ಹೋಗಿ ಬಂದ ದಿನವೂ ಅವನು ಹೀಗೇ ಒಂದು ಮಾತಾಡಿ ಅವಳನ್ನು ನಗಿಸಿ, ಆಮೇಲೆ ಅವಳ ತೊಡೆಯ ಮೇಲೆ ಮಲಗಿ ಅತ್ತಿದ್ದ. ಆವಾಗ ಅವಳಿಗೆ ಹದಿನಾಲ್ಕು.

"ಚೆನ್ನಾಗಿ ಹೆಣೆದಿದ್ದೀಯ," ಎಂದಳು ತೋರಾ. "ಮೂರು ವಾರ ಬಾಯಿಗೆ ಏನಾಗಿತ್ತು?"

"ಮೊದಲ ದಿನ ಹೆದರಿ ಹೇಳ್ಲಿಲ್ಲ. ಎರಡನೇ ದಿನ, ಮೊದಲ ದಿನ ಯಾಕೆ ಹೇಳ್ಲಿಲ್ಲ ಅಂತ ಕೇಳ್ತೀರ ಅಂತ ಹೇಳ್ಲಿಲ್ಲ. ಆಮೇಲೆ ನೀವೆಲ್ಲ ಒಂದು ಇಪ್ಪತ್ತೊಂದು ಅಂದ್ರಿ. ನನಗೆ ನನ್ನ ತಲೆ ಮೇಲೇ ನಂಬಿಕೆ ಹೋಯ್ತು."

"ಕ್ಯಾಮೆರಾ ಚಿತ್ರ?"

"ಅದನ್ನ ನಾನು ಮುಟ್ಟಿಲ್ಲ. ಆಣೆ ಬೇಕಿದ್ರೆ ಹಾಕ್ತೀನಿ. ಅವನು ನನ್ನ ಕೈಯಿಂದ ಬಿಸ್ಕತ್ತು ಇಸ್ಕೊಂಡು, ನೀನು ಮನೆಗೆ ಹೋಗು, ಉಳಿದಿದ್ದು ನಾನು ಹಾಕ್ತೀನಿ ಅಂದ. ಒಂದು ಇಪ್ಪತ್ತೇಳಕ್ಕೆ ಹೊರಟೆ. ಬಸ್ ಹತ್ತಿದೆ."

"ಇದಕ್ಕೆ ಸಾಕ್ಷಿ?"

ಆಸ್ಲಾಗ್ ಕಾಗದದ ಮೇಲಿನ ಕೊನೆಯ ಚುಕ್ಕೆಯ ಮೇಲೆ ಬೆರಳಿಟ್ಟಳು. "ಇಪ್ಪತ್ತೈದಕ್ಕೇ ನಿಲ್ಲಿಸಿದ್ದೀರ. ನಾನು ಹೋದ ಮೇಲಿನ ಕೊನೆಯ ನಾಲ್ಕು ನಿಮಿಷ ಕೇಳಿಲ್ಲ. ರಾಗ್ನಿ, ಹತ್ತನೇ ಕೋಶ ಯಾವುದು ಅಂತ ನಿನಗೆ ಗೊತ್ತಲ್ಲ?"

ಗೊತ್ತಿತ್ತು. ಹತ್ತನೆಯದರ ಜಾಗ ಎಲ್ಲಕ್ಕಿಂತ ಉದ್ದ. ಪೆಟ್ಟಿಗೆಯ ನಡುವಿನಿಂದ ಶುರುವಾಗಿ ಆಚೆ ತುದಿಯ ಮೂಲೆಯವರೆಗೆ ಹೋಗುತ್ತದೆ. ಆಸ್ಲಾಗ್‌ಳ ಚೂರು ನಡುವಿಗೆ ಬಿದ್ದರೂ ಅದು ಸಿಡಿಯುತ್ತದೆ, ಐಲಿಫ್‌ನ ಚೂರು ಮೂಲೆಗೆ ಬಿದ್ದರೂ ಸಿಡಿಯುತ್ತದೆ. ಸದ್ದು ಒಂದೇ. ಅಲೆಯೊಂದೇ ಎರಡನ್ನೂ ಬೇರೆ ಮಾಡಬಲ್ಲದು. ಟಿಕ್ ಅಲೆಯ ಕೊನೆಯಲ್ಲೇ ಉಳಿದರೆ ಬೆರ್ತಾ ಆ ಜಾಗದ ಹೊಸ್ತಿಲಲ್ಲೇ ನಿಂತು ತಿಂದಳು ಎಂದು ಅರ್ಥ. ಮುಂದೆ ಮುಂದೆ ಜರುಗಿ ಅಲೆಯ ಶುರುವಿಗೆ ಬಂದರೆ ಅವಳು ಮೂಲೆ ಮುಟ್ಟಿದಳು.

ರಾಗ್ನಿ ಲ್ಯಾಪ್‌ಟಾಪ್ ತೆರೆದು ಹೆಡ್‌ಫೋನ್ ಹಾಕಿಕೊಂಡಳು.

ಮೇಜಿನ ಆ ಕಡೆ ಆಸ್ಲಾಗ್, ಈ ಕಡೆ ತೋರಾ. ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು. ಒಬ್ಬಳಿಗೆ ಕೇಳಲು ಬರುವುದಿಲ್ಲ. ಇನ್ನೊಬ್ಬಳ ಮಾತನ್ನು ಇನ್ನು ಯಾರೂ ನಂಬುವುದಿಲ್ಲ. ಅಂದರೆ, ತಾನು ಏನು ಹೇಳಿದರೆ ಅದೇ.

ಆ ಯೋಚನೆ ಬಂದದ್ದೇ ಅವಳ ಬೆರಳು ಗುಂಡಿಯ ಮೇಲೇ ಉಳಿಯಿತು.

ಕೊನೆವರೆಗೂ ಆಸ್ಲಾಗ್‌ಳದೇ ಕೈ ಎಂದುಬಿಟ್ಟರೆ? ಕಡತ ಮುಚ್ಚುವುದಿಲ್ಲ. ಐಲಿಫ್ ತಾನಾಗೇ ಸಾಯಲಿಲ್ಲ ಎಂದಾಗುತ್ತದೆ. ಪಂಜರ ತೊಳೆಯುವವಳು ಎಂದವಳಿಗೆ ಶಾಸ್ತಿಯಾಗುತ್ತದೆ. ಮತ್ತೆ ಆ ಮಾತು, ಆ ಔಷಧಿ, ಅದೂ ಉಳಿಯುತ್ತದೆ. ನೀನು ಬರೋ ಮೊದಲೇ ಎಲ್ಲ ಮುಗಿದಿತ್ತು.

ಅವಳು ಗುಂಡಿ ಒತ್ತಿದಳು.

ತೊಟ್ಟಿಲು ತೂಗತೊಡಗಿತು. ಹತ್ತನೆಯ ಕೋಶ ಬಾಯಿ ತೆರೆಯಿತು. ಟಿಕ್, ಅಲೆಯ ಕೊನೆಯಲ್ಲಿ. ಮುಂದಿನ ಅಲೆ, ಕೊನೆಗಿಂತ ಸ್ವಲ್ಪ ಮುಂಚೆ.

ಅಲ್ಲೇ ನಿಂತುಬಿಡು ಬೆರ್ತಾ, ಎಂದುಕೊಂಡಳು.

ಬೆರ್ತಾ ನಿಲ್ಲಲಿಲ್ಲ. ಟಿಕ್ ಅಲೆಯ ನಡುವಿಗೆ ಬಂತು. ಇನ್ನೂ ಮುಂಚೆ. ಇನ್ನೂ. ಕೊನೆಗೆ ಅಲೆ ಏಳುವ ಜಾಗಕ್ಕೇ ಬಂದು ಬಿದ್ದು, ಸುಮ್ಮನಾಯಿತು. ಆಚೆ ತುದಿಯ ಮೂಲೆ.

ಆಮೇಲೆ ಬಲಗಡೆಯ ಮೂಲೆ. ಆಮೇಲೆ ಗೋಡೆಯ ಬದಿ. ಹತ್ತಿರದ್ದು ಕೊನೆಗೆ. ಮತ್ತೆ ಆಚೆ ತುದಿ.

ಮೊದಲು ದೂರದವರಿಗೆ. ನದಿ ದಂಡೆಯಲ್ಲಿ ಬಾತುಕೋಳಿಗಳಿಗೆ ಒಣ ಬ್ರೆಡ್ ಹಾಕುವಾಗ ಅವಳೇ ಕಲಿಸಿದ್ದು. ಹತ್ತಿರ ಬರೋವು ಹೇಗೂ ತಿನ್ನುತ್ತವೆ ಐಲಿಫ್, ಆಚೆ ಕುಂಟಿಕೊಂಡು ನಿಂತಿದೆಯಲ್ಲ, ಮೊದಲು ಅದಕ್ಕೆ ಎಸೆ. ಅವನ ಕೈಗೆ ಕೆಂಪು ಉಣ್ಣೆಯ ಕೈಗವಸು. ಎಸೆದು ಎಸೆದು ಬ್ರೆಡ್ಡಿನ ಜೊತೆ ಒಂದು ಕೈಗವಸೂ ನೀರಿಗೆ ಹೋಗಿತ್ತು.

ನಾಲ್ಕು ನಿಮಿಷದ ಸದ್ದು ನಿಧಾನ ಮಾಡಿದರೆ ನಲವತ್ತು ನಿಮಿಷ. ಅವಳು ಒಂದನ್ನೂ ಬಿಡದೆ ಕೇಳಿದಳು. ಒಂದೊಂದು ಚೂರು ಬಿದ್ದಾಗಲೂ ಅವನ ಕೈ ಅಲ್ಲಿತ್ತು. ಸತ್ತಿರಲಿಲ್ಲ. ಹಿಮ ಕರಗಿ ಹಣೆಗೆ ಇಳಿಯುತ್ತಿದ್ದಿರಬೇಕು, ತೋಳಿಂದ ಒರೆಸಿಕೊಂಡಿರಬೇಕು. ಒಂದು ಮೂವತ್ತೊಂದಕ್ಕೆ ಸದ್ದು ಕತ್ತರಿಸಿದಂತೆ ನಿಂತಿತು.

ಕಾಫಿ ಆರಿ ಕೆನೆ ಕಟ್ಟಿತ್ತು. ತೋರಾ ಎರಡು ಸಲ ಗಡಿಯಾರ ನೋಡಿದ್ದಳು. ಮೂರನೆಯ ಸಲ ನೋಡಲಿಲ್ಲ.

"ಹೇಳು," ಎಂದಳು ಮೆಲ್ಲಗೆ.

ರಾಗ್ನಿ ಪೆನ್ಸಿಲ್ ತೆಗೆದುಕೊಂಡು, ಖಾಲಿಯಿದ್ದ ಆಚೆ ಅರ್ಧದಲ್ಲಿ ಒಂದೊಂದಾಗಿ ಚುಕ್ಕೆ ಇಟ್ಟಳು.

"ಅವನದೇ ಕೈ."

ಆಸ್ಲಾಗ್ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಬಲಗೈ ಅಷ್ಟು ಎತ್ತರಕ್ಕೆ ಏಳದೆ, ತಲೆಯನ್ನೇ ಮೇಜಿನವರೆಗೆ ಬಗ್ಗಿಸಬೇಕಾಯಿತು.

ಪೊಲೀಸ್ ಕೆಲಸ ತೋರಾಳೊಳಗೆ ತಾನಾಗಿ ಶುರುವಾಯಿತು.

"ಹಾಗಾದ್ರೆ ಒಂದು ಇಪ್ಪತ್ತೊಂದು ಅನ್ನೋದು ಗಡಿಯಾರ ಸತ್ತ ಹೊತ್ತು. ಹುಡುಗ ಸತ್ತಿದ್ದಲ್ಲ. ಒಂದು ಮೂವತ್ತೊಂದರಿಂದ ಎರಡು ಐದರ ಒಳಗೆ. ಪೆಟ್ರೋಲ್ ಬಂಕಿನ ಚಿತ್ರ ಇಟ್ಕೊಂಡು ಯೋಸ್ತೈನ್ ಇನ್ನು ಗಾಳಿ ಹಾಕ್ಕೋಬಹುದು ಅಷ್ಟೇ. ಜಗಳ ಮುಗಿಸಿ, ನಗಾಡ್ಕೊಂಡು ಬಂದು, ಕೆಲಸಕ್ಕೆ ಕೂತವನು. ಇವನು ಸಾಯೋಕೆ ಹೊರಟವನಲ್ಲ. ಕಡತ ಮುಚ್ಚಲ್ಲ ರಾಗ್ನಿ, ನಾನು ಮುಚ್ಚೋಕೆ ಬಿಡಲ್ಲ..."

ಮಾತು ಅರ್ಧಕ್ಕೇ ನಿಂತಿತು.

ತೋರಾ ತನ್ನ ಪುಸ್ತಕದ ಹಿಂದಿನ ಪುಟ ತಿರುವಿದಳು. ಬಾಗಿಲಿನ ಕಾರ್ಡುಗಳ ಪುಟ. ಅದನ್ನು ಬಹಳ ಹೊತ್ತು ನೋಡಿದಳು. ಎರಡೇ ಸಾಲು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

"ನೀನೇನು ಹೇಳ್ತಿದ್ದೀಯ ಅಂತ ನಿನಗೆ ಗೊತ್ತಾಗ್ತಿದೆಯಾ?"

"ಗೊತ್ತು."

"ಆಸ್ಲಾಗ್ ಬಸ್ಸಿನ ಕ್ಯಾಮೆರಾದಲ್ಲಿ ಸಿಕ್ಕಿದ್ರೆ ಅವಳು ಹೊರಗೆ. ಯೋಸ್ತೈನ್ ಅವತ್ತು ಕಾರ್ಡು ಹಾಕಿಲ್ಲ. ಆಮೇಲೆ ಆ ಕಟ್ಟಡದಲ್ಲಿ ಉಳಿಯೋದು..." ತೋರಾ ಹೆಸರು ಹೇಳಲಿಲ್ಲ. "ಇನ್ನೊಂದ್ಸಲ ಕೇಳು ಬೇಕಾದ್ರೆ. ದಣಿದಿದ್ದೀಯ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಕಿವಿ ತಪ್ಪಬಹುದು."

ದಯೆಯಿಂದ ಹೇಳಿದ ಮಾತು. ಅದು ದಯೆ ಎಂದು ಮೂವರಿಗೂ ಗೊತ್ತಿತ್ತು.

"ಕಿವಿ ತಪ್ಪಿಲ್ಲ," ಎಂದಳು ರಾಗ್ನಿ. ಅಷ್ಟು ದಿನ ಯಾರ ಕಣ್ಣನ್ನೂ ನೋಡದವಳು ಈಗ ತೋರಾಳ ಕಣ್ಣನ್ನು ನೇರವಾಗಿ ನೋಡಿದಳು. "ಬರ್ಕೋ. ಒಂದು ಮೂವತ್ತೊಂದರವರೆಗೆ ನನ್ನ ತಮ್ಮ ಬದುಕಿದ್ದ. ಆವಾಗ ನಾನು ಕೆಳಗಿದ್ದೆ. ರೇಡಿಯೋ ಹಾಕ್ಕೊಂಡಿದ್ದೆ. ಜೋರಾಗಿ. ಅವನು ಕೂಗಿದ್ರೂ ಕೇಳಿಸ್ತಿರಲಿಲ್ಲ. ಹಾಗೇ ಬರ್ಕೋ."

ತೋರಾ ಬರೆದುಕೊಂಡಳು. ಬರೆದು ಮುಗಿಸಿ ಲೇಖನಿಯ ಮುಚ್ಚಳ ಹಾಕಿದಳು.

"ಇದರ ಮೇಲೆ ಒಂದು ಮಾತೂ ಆಡ್ಬೇಡ. ನನ್ನ ಹತ್ರ ಕೂಡ. ವಕೀಲರು ಬರೋವರೆಗೆ."

ಹೊಸ್ತಿಲಲ್ಲಿ ಇಬ್ಬರೂ ಬಗ್ಗಿ ಶೂ ಹಾಕಿಕೊಂಡರು, ಪಕ್ಕಪಕ್ಕದಲ್ಲೇ, ಭುಜಕ್ಕೆ ಭುಜ ತಾಕುವಷ್ಟು ಹತ್ತಿರ. ಹೊರಗೆ ಬಿಸಿಲು ಕಣ್ಣು ಕುಕ್ಕುವಂತಿತ್ತು. ರಾಗ್ನಿ ಮುಂದೆ ನಡೆದು, ಕಾರಿನ ಮುಂದಿನ ಬಾಗಿಲಿಗೆ ಕೈ ಹಾಕಿದಳು.

ತೋರಾ ಹಿಂದಿನ ಬಾಗಿಲು ತೆರೆದು ಹಿಡಿದು ನಿಂತಿದ್ದಳು.